‘ಗಾಂಧಾರಿ’ಯ ಪ್ಲೇಟುಗಳು: ಗಂಗೂಬಾಯಿ ಹಾನಗಲ್ಲರ ಮೊದಲ ಧ್ವನಿಮುದ್ರಣಗಳನ್ನು ಕುರಿತು

1930ರ ದಶಕದ ಮೊದಲರ್ಧದಲ್ಲಿ ಎಚ್‌ಎಂವಿ ಕಂಪನಿ ಹೊರತಂದ ಕೆಲವು ಎಪ್ಪತ್ತೆಂಟರ ಪ್ಲೇಟುಗಳ ಮೇಲೆ ಗಾಯಕಿಯ ಹೆಸರು ಗಾಂಧಾರಿ ಎಂದು ಅಚ್ಚಾಗಿದೆ. ಜೊತೆಗೆ ಹುಬ್ಬಳ್ಳಿಯ ಹೆಸರಿದೆ. ಅವುಗಳಲ್ಲಿರುವುದು ಮರಾಠಿ ಭಾವಗೀತೆ, ಠುಮರಿಯಂಥ ಲಘು ಪ್ರಕಾರಗಳು, ನಡುನಡುವೆ ಮೂರು ನಿಮಿಷದಲ್ಲಿ ಮುಗಿಯುವ ರಾಗದ ಚೀಜುಗಳು. ಧ್ವನಿ ತೆಳು, ಎತ್ತರದ್ದು, ತುದಿಯಲ್ಲಿ ಚೂಪು. ಹರಕತ್ತು ಚಕಚಕನೆ ಬಂದು ಹೋಗುತ್ತವೆ. ಸ್ವಾತಂತ್ರ್ಯಾನಂತರದ ಕಛೇರಿಗಳಲ್ಲಿ, ಆಕಾಶವಾಣಿಯಲ್ಲಿ ಗಂಗೂಬಾಯಿ ಹಾನಗಲ್ಲರನ್ನು ಕೇಳಿ ಬೆಳೆದವರು ಈ ಪ್ಲೇಟು ಕೇಳಿದರೆ, ಹಾಡುತ್ತಿರುವವರು ಅವರೇ ಎಂದು ಒಮ್ಮೆಲೇ ಒಪ್ಪುವುದು ಕಷ್ಟ. ಗಂಡುದನಿಯ ಗಾಂಭೀರ್ಯ, ಒಂದೊಂದೇ ಸ್ವರವನ್ನು ಇಟ್ಟು ನಿಲ್ಲಿಸಿ ಮುಂದಕ್ಕೆ ಹೋಗುವ ಕಿರಾಣಾ ಆಲಾಪ: ನಮ್ಮ ಕಿವಿಯಲ್ಲಿ ಉಳಿದಿರುವ ಗಂಗೂಬಾಯಿ ಅದು. ಆದರೂ ಇಬ್ಬರೂ ಒಬ್ಬರೇ.

ಈ ಪ್ಲೇಟುಗಳನ್ನು ದೊಡ್ಡ ಗಾಯಕಿಯೊಬ್ಬರ ಎಳವೆಯ ಪ್ರಯತ್ನವೆಂದು ಪಕ್ಕಕ್ಕಿಡುವ ರೂಢಿಯಿದೆ. ಅದು ತಪ್ಪು ಎಂಬುದೇ ನನ್ನ ವಾದ. ಅಲ್ಲಿರುವುದು ಕಲಿಕೆಯ ಹಂತದ ಹಾಡಲ್ಲ, ತನ್ನ ಪ್ರಕಾರದಲ್ಲಿ ಪೂರ್ತಿ ಪಳಗಿದ ಗಾಯಕಿಯ ಹಾಡು. ಆ ಗಾಯಕಿಗೆ ತನ್ನದೇ ಚರಿತ್ರೆಯಿದೆ. ಆ ಚರಿತ್ರೆ ಧಾರವಾಡ-ಹುಬ್ಬಳ್ಳಿಗೆ ಮಾತ್ರ ಸೇರಿದ್ದೂ ಅಲ್ಲ. ಬಾಗಲಕೋಟೆ ಸೀಮೆಯ ರಾಮಥಾಳ, ಹುನಗುಂದ, ಇಳಕಲ್ಲ, ಬಾದಾಮಿಯ ಹಳೆಯ ಮನೆಗಳ ಅಟ್ಟಗಳಿಗೂ ಅದು ಸಂಬಂಧಿಸಿದೆ.

ಕಾಲಾನುಕ್ರಮವನ್ನು ಮೊದಲು ಹೇಳಿಬಿಡುತ್ತೇನೆ. ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಗಂಗೂಬಾಯಿಯೂ ಇದ್ದರು. ಹಿಂದುಸ್ತಾನಿಯ ಆರಂಭದ ಪಾಠ ಕೃಷ್ಣಾಚಾರ್ಯ ಹುಳಗೂರರಲ್ಲಿ. 1932ರಲ್ಲಿ ತಾಯಿ ತೀರಿಕೊಂಡರು. ಸವಾಯಿ ಗಂಧರ್ವರಲ್ಲಿ ಎಡೆಬಿಡದ ತಾಲೀಮು ಕೂಡಿಬಂದದ್ದು ಆ ದಶಕದ ಕೊನೆಯ ಭಾಗದಲ್ಲಿ, ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದ ದಿನಗಳಲ್ಲಿ. ಗಾಂಧಾರಿ ಹೆಸರಿನ ಮುದ್ರಣಗಳು ಅದಕ್ಕಿಂತ ಮುಂಚಿನವು. ಗಂಟಲಿನ ಟಾನ್ಸಿಲ್ ತೊಂದರೆ, ಅದಕ್ಕಾದ ಚಿಕಿತ್ಸೆ, ಆಮೇಲೆ ದನಿ ಒಡೆದು ಕೆಳಗಿಳಿದದ್ದು ಎಲ್ಲ ಇನ್ನೂ ನಂತರದ ಸಂಗತಿಗಳು. ಅಂದರೆ ಈ ಪ್ಲೇಟುಗಳು ಎರಡು ದೊಡ್ಡ ತಿರುವುಗಳಿಗೂ ಮುಂಚೆ ನಿಂತಿವೆ. ಗುರುವಿನ ತಾಲೀಮು ಒಂದು ತಿರುವು, ದೇಹವೇ ಬದಲಾದದ್ದು ಇನ್ನೊಂದು. ಬಹುಪಾಲು ಬರಹಗಳು ಎರಡನ್ನೂ ಬೆರೆಸಿ, ಲಘು ಸಂಗೀತದಿಂದ ಶಾಸ್ತ್ರೀಯಕ್ಕೆ ಏರಿದ ಕಥೆಯನ್ನಾಗಿ ಮಾಡುತ್ತವೆ. ದನಿ ಇಳಿದದ್ದು ಏರಿಕೆಯ ಮೆಟ್ಟಿಲಲ್ಲ, ಕಾಯಿಲೆ. ಆ ಇಳಿದ ದನಿಯಲ್ಲೇ ಹೊಸದೊಂದು ಗಾಯನವನ್ನು ಕಟ್ಟಿಕೊಂಡದ್ದು ಅವರ ದೊಡ್ಡತನ. ಎರಡನ್ನೂ ಬೇರೆಬೇರೆ ಹೇಳಿದಾಗಲೇ ಆ ದೊಡ್ಡತನ ಕಾಣುತ್ತದೆ.

ತೆಳುದನಿಯ ಬಗ್ಗೆ ಒಂದು ಆಕ್ಷೇಪಣೆ ಬರುತ್ತದೆ. ಹಳೆಯ ಪ್ಲೇಟುಗಳು ಸರಿಯಾದ ವೇಗದಲ್ಲಿ ಓಡುವುದಿಲ್ಲ, ಆದ್ದರಿಂದ ದನಿ ಸಣ್ಣದಾಗಿ ಕೇಳುತ್ತದೆ ಎಂದು ಕೆಲವರ ಮಾತು. ಕೀಲಿ ಕೊಟ್ಟು ಓಡಿಸುವ ಪೆಟ್ಟಿಗೆಗಳಲ್ಲಿ ವೇಗ ಹೆಚ್ಚುಕಡಿಮೆ ಆಗುವುದು ನಿಜ. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ಪ್ಲೇಟು 80 ಸುತ್ತು ತಿರುಗಿದರೆ ಶ್ರುತಿ ಏರುವುದು ಸುಮಾರು 44 ಸೆಂಟ್. ಪೇಟಿಯ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಇರುವ ಅಂತರ 100 ಸೆಂಟ್, ಹಾಗಾಗಿ ಈ ಏರಿಕೆ ಅದರ ಅರ್ಧವೂ ಅಲ್ಲ. ಶ್ರುತಿ ನಾಲ್ಕು ಪಟ್ಟಿ ಏರಬೇಕೆಂದರೆ ಪ್ಲೇಟನ್ನು ನಿಮಿಷಕ್ಕೆ ಹೆಚ್ಚೂಕಡಿಮೆ 98 ಸುತ್ತು ಓಡಿಸಬೇಕು. ಆಗ ತಬಲಾದ ಬೋಲು ಒಂದರ ಮೇಲೊಂದು ಬೀಳುತ್ತವೆ, ಅಕಾರ ಉಕಾರಗಳು ಗೊಂಬೆಯ ಬಾಯಿಂದ ಬಂದಂತೆ ಕುಗ್ಗುತ್ತವೆ, ಯಾರ ಕಿವಿಗೂ ಅದು ಗೊತ್ತಾಗುತ್ತದೆ. ಗಾಂಧಾರಿಯ ಹಾಡುಗಳಲ್ಲಿ ಸ್ವರಾಕ್ಷರಗಳು ನೆಟ್ಟಗಿವೆ, ಲಯ ಹದವಾಗಿದೆ. ಮುಂಚಿನ ದನಿಗೂ ನಂತರದ ದನಿಗೂ ಇರುವ ದೂರವನ್ನು ಯಂತ್ರದ ತಲೆಗೆ ಕಟ್ಟಲಾಗದು. ಅದು ಅವರ ಗಂಟಲಿನದೇ ದೂರ.

ಇನ್ನೊಂದು ಸಂಗತಿ ಕಾಲದ ಮಿತಿಯದು. ಹತ್ತು ಇಂಚಿನ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುವುದು ಮೂರು, ಮೂರೂಕಾಲು ನಿಮಿಷ. ಕಛೇರಿಯಲ್ಲಿ ಒಂದು ತಾಸು ಹಾಡುವ ರಾಗವನ್ನು ಅದರೊಳಗೆ ಕೂಡಿಸುವುದೇ ಬೇರೆ ವಿದ್ಯೆ. ಆಲಾಪಕ್ಕೆ ಎಡೆಯಿಲ್ಲ, ಮೊದಲ ಸಾಲಿನಲ್ಲೇ ರಾಗದ ಮುಖ ಕಾಣಬೇಕು, ತಾನು ಎಲ್ಲಿ ಹಾಕಬೇಕು, ಎಷ್ಟು ಹಾಕಬೇಕು ಎಂಬುದು ಮೊದಲೇ ಖಚಿತವಾಗಿರಬೇಕು. ಮಲ್ಲಿಕಾರ್ಜುನ ಮನಸೂರರ ಆರಂಭದ ಎಚ್‌ಎಂವಿ ಪ್ಲೇಟುಗಳಲ್ಲಿ, ಗೌಡ ಮಲ್ಹಾರ ಅಡಾಣಗಳಲ್ಲಿ, ಈ ವಿದ್ಯೆ ಎಷ್ಟು ಬಿಗಿಯಾಗಿದೆ ಎಂಬುದನ್ನು ಕೇಳಿದವರು ಬಲ್ಲರು. ಭಾವಗೀತೆಗೆ ಮೂರು ನಿಮಿಷ ಇಕ್ಕಟ್ಟೇ ಅಲ್ಲ, ಅದರ ಅಳತೆಯೇ ಅಷ್ಟು. ಗಾಂಧಾರಿ ಆ ಅಳತೆಯನ್ನು ಚೆನ್ನಾಗಿ ಬಲ್ಲವಳು. ಆಗ ಹಾಡುವುದರಲ್ಲೂ ಹೆಸರು ಮಾಡಿದ್ದ ಜಿ. ಎನ್. ಜೋಶಿ ಅವರ ಜೊತೆ ಆಕೆ ಹಾಡಿದ ಮರಾಠಿ ಯುಗಳಗೀತೆಯಲ್ಲಿ ಎರಡು ದನಿಗಳ ಕೊಡುಕೊಳ್ಳುವಿಕೆ ಸಲೀಸಾಗಿ ನಡೆಯುತ್ತದೆ. ಜೋಶಿಯವರು ಮುಂದೆ ಎಚ್‌ಎಂವಿಯಲ್ಲೇ ಧ್ವನಿಮುದ್ರಣದ ಅಧಿಕಾರಿಯಾದರು.

ಈ ಹಾಡುಗಳು ಹಿಂದೆ ಸರಿದದ್ದಕ್ಕೆ ಕಾರಣ ದನಿಯೊಂದೇ ಅಲ್ಲ. ಗಾಯಕಿಯರ ಮನೆತನದಲ್ಲಿ ಹುಟ್ಟಿದ ಹೆಣ್ಣಿಗೆ ಠುಮರಿ, ಭಾವಗೀತೆಗಳು ಒಂದು ಹಣೆಪಟ್ಟಿಯಾಗುತ್ತಿದ್ದವು. ಬೀದಿಯಲ್ಲಿ ನಡೆದರೆ ಹಾಡುವವಳು ಬಂದಳೆಂದು ಹಂಗಿಸುತ್ತಿದ್ದುದನ್ನು ಗಂಗೂಬಾಯಿ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ‘ನನ್ನ ಬದುಕಿನ ಹಾಡು’ ಆತ್ಮಕಥೆಯನ್ನು ಓದಿದವರಿಗೆ ಆ ನೋವು ಎಷ್ಟು ಆಳದ್ದೆಂಬುದು ತಿಳಿದಿದೆ. ಖಯಾಲಿಗೆ ನಿಂತದ್ದು ಅವರಿಗೆ ಸಂಗೀತದ ಆಯ್ಕೆಯೂ ಹೌದು, ಮರ್ಯಾದೆಯ ಆಯ್ಕೆಯೂ ಹೌದು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. 2009ರ ಜುಲೈ 21ರಂದು ಅವರು ತೀರಿಕೊಂಡಾಗ ನಾಡು ಬೀಳ್ಕೊಟ್ಟದ್ದು ಖಯಾಲಿನ ಗಂಗೂಬಾಯಿಯನ್ನು. ಗಾಂಧಾರಿಯನ್ನು ನೆನೆದವರು ಪ್ಲೇಟು ಕೂಡಿಡುವವರು. 1990ರಲ್ಲಿ ಮುಂಬಯಿಯಲ್ಲಿ ಶುರುವಾದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘದಂಥ ಕಡೆ, ಒಬ್ಬರ ಪ್ಲೇಟು ಇನ್ನೊಬ್ಬರು ಕೇಳಿ, ಸಂಖ್ಯೆಗೆ ಸಂಖ್ಯೆ ಹೊಂದಿಸಿ ನೋಡುವ ಕೆಲಸ ನಡೆಯಿತು. ವಿಶ್ವವಿದ್ಯಾಲಯಗಳು ಮಾಡಬೇಕಿದ್ದ ಈ ಕೆಲಸಕ್ಕೆ ಹವ್ಯಾಸಿಗಳು ಕೈಹಾಕಿದರು. ಅವರಿಗೆ ನಾವು ಋಣಿಗಳಾಗಿರಬೇಕು.

ಹೊರಗಿನ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಾಕ್ ಗಿಟಾರಿನ ಜಿಮಿ ಹೆಂಡ್ರಿಕ್ಸ್ 1967ರಲ್ಲಿ ಹೆಸರಾಗುವ ಮೊದಲು, 1964ರಿಂದ ಸುಮಾರು ಎರಡು ವರ್ಷ, ರಿದಮ್ ಅಂಡ್ ಬ್ಲೂಸ್ ಮೇಳಗಳಲ್ಲಿ ಹಿಂದಿನ ಸಾಲಿನ ವಾದ್ಯಗಾರ. ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್, ಕರ್ಟಿಸ್ ನೈಟ್ ಮುಂತಾದವರ ಮುದ್ರಣಗಳಲ್ಲಿ ಅವನ ಗಿಟಾರಿದೆ. ಅವನು ಪ್ರಸಿದ್ಧನಾದ ಕೂಡಲೇ ಕರ್ಟಿಸ್ ನೈಟ್ ಜೊತೆ ನುಡಿಸಿದ್ದನ್ನು ಹೆಂಡ್ರಿಕ್ಸನ ಹೆಸರು ದೊಡ್ಡದಾಗಿ ಹಾಕಿ ಮಾರಿದರು, ಹಕ್ಕಿನ ವ್ಯಾಜ್ಯ ದಶಕಗಟ್ಟಲೆ ನಡೆಯಿತು. ಅಲ್ಲಿನ ಸಂಶೋಧಕರ ಕೆಲಸ ಅವನದಲ್ಲದ್ದನ್ನು ಅವನದೆಂದು ಹೇಳುವುದನ್ನು ತಡೆಯುವುದು, ಯಾವ ಸ್ವರ ಅವನ ಕೈಯದು ಎಂದು ಬಿಡಿಸಿ ಹೇಳುವುದು. ನಮ್ಮಲ್ಲಿ ತೊಡಕು ತದ್ವಿರುದ್ಧ. ಹೆಸರಿನಿಂದ ಲಾಭ ಮಾಡಿಕೊಳ್ಳಬೇಕಾದವರೂ ಮಾಡಿಕೊಳ್ಳಲಿಲ್ಲ. ಬೇರೆ ಹೆಸರಿನ ಪ್ಲೇಟು ಬೇರೆಯವರದಾಗಿಯೇ ಪೆಟ್ಟಿಗೆಯಲ್ಲಿ ಉಳಿಯಿತು. ಆದರೂ ಎರಡು ಕಡೆಯೂ ಕಲಿಯುವ ಪಾಠ ಒಂದಿದೆ. ದೊಡ್ಡ ಕಲಾವಿದರ ಮೊದಲ ದಿನಗಳು ಜನಪ್ರಿಯ ಸಂಗೀತದ ಕೂಲಿಯ ದಿನಗಳು, ಅವರ ಕೈಗೆ, ಗಂಟಲಿಗೆ ಬಂದ ಬಿಗಿ ಅಲ್ಲಿಂದಲೇ ಬಂದದ್ದು.

ಬಾಗಲಕೋಟೆ ಸೀಮೆಗೆ ಇದರ ಸಂಬಂಧವೇನು ಎಂದು ಕೇಳಬಹುದು. ಆಗ ರಾಮಥಾಳ ಇದ್ದ ಹುನಗುಂದ ತಾಲ್ಲೂಕು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಗೆ ಸೇರಿತ್ತು. ಮುಂಬಯಿಯ ಮರಾಠಿ ಹಾಡು, ಹಿಂದಿ ಹಾಡು, ನಾಟಕದ ಪದ ಎಲ್ಲ ಒಂದೇ ದಾರಿಯಲ್ಲಿ ಈ ಕಡೆ ಬರುತ್ತಿದ್ದವು. ಬಾದಾಮಿಯ ಪಕ್ಕದ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ನಾಟಕ ಕಂಪನಿಗಳು ಸಾಲಾಗಿ ಥಿಯೇಟರು ಹಾಕುತ್ತವೆ. ರಂಗದ ಹಾಡು ಪ್ಲೇಟಿಗೆ, ಪ್ಲೇಟಿನ ಹಾಡು ರಂಗಕ್ಕೆ ಹೋಗಿಬರುತ್ತಿದ್ದ ಕಾಲದಲ್ಲಿ ಆ ಜಾತ್ರೆಯೇ ದೊಡ್ಡ ಸಂಗೀತದ ಸಂತೆ. ಬಾದಾಮಿಗೆ ಹತ್ತಿಕೊಂಡೇ ಇರುವ ರೋಣದ ಭೀಮಸೇನ ಜೋಶಿ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳಿ, ಅಂಥ ಗುರುವನ್ನು ಹುಡುಕಿಕೊಂಡು ಮನೆಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದೇ ಭೀಮಸೇನರ ಮೊದಲ ಎಚ್‌ಎಂವಿ ಮುದ್ರಣದಲ್ಲಿ ಇದ್ದದ್ದು ಕನ್ನಡ, ಹಿಂದಿ ಭಕ್ತಿಗೀತೆಗಳು.

ಇದೇ ಸೀಮೆಯ ಬೀಳಗಿಯ ಅಕ್ಕತಂಗಿಯರಾದ ಅಮೀರಬಾಯಿ, ಗೋಹರಬಾಯಿ ಅವರನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಅಮೀರಬಾಯಿ ಕರ್ನಾಟಕಿ ಎಂದರೆ 1943ರ ‘ಕಿಸ್ಮತ್’, 1944ರ ‘ರತನ್’ ಚಿತ್ರಗಳ ಹಾಡು. 1948ರ ‘ಶೆಹನಾಜ್’ ಚಿತ್ರಕ್ಕೆ ಸಂಗೀತವನ್ನೂ ಅವರೇ ಕೊಟ್ಟರು. ಗೋಹರಬಾಯಿ ಎಂದರೆ ಬಾಲಗಂಧರ್ವರ ಸಂಗಾತಿ. ಸಿನಿಮಾದ ಮಾತು ಬಂದರೆ ಒಬ್ಬರು, ಮರಾಠಿ ರಂಗಭೂಮಿಯ ಮಾತು ಬಂದರೆ ಇನ್ನೊಬ್ಬರು. ಚಿತ್ರರಂಗಕ್ಕೆ ಅಮೀರಬಾಯಿಯವರ ದಾರಿ ತೆರೆದದ್ದರಲ್ಲಿ ಅವರು ಎಚ್‌ಎಂವಿಗೆ ಹಾಡಿದ ಕವ್ವಾಲಿ ಪ್ಲೇಟಿನ ಪಾತ್ರವಿದೆ. ರಹಮತ್ ತರೀಕೆರೆಯವರು ಅಮೀರಬಾಯಿಯವರ ಬಾಳನ್ನು ಕುರಿತು ಬರೆದ ಕನ್ನಡ ಪುಸ್ತಕ ಅವರನ್ನು ನಮ್ಮ ನೆಲಕ್ಕೆ ಮರಳಿ ತಂದಿತು. ಪುಸ್ತಕದ ಪಕ್ಕದಲ್ಲಿ ಪ್ಲೇಟುಗಳ ಪಟ್ಟಿಯೂ ಬೇಕು. ಹುಬ್ಬಳ್ಳಿಯ ಗಾಂಧಾರಿಗೆ ಆದ ಕೆಲಸ ಬೀಳಗಿಯ ಈ ಇಬ್ಬರಿಗೂ ಆಗಬೇಕು: ಚಿತ್ರಗೀತೆಯಲ್ಲದ, ರಂಗದ ಮತ್ತು ಖಾಸಗಿ ಹಾಡುಗಳ ಮುದ್ರಣಗಳನ್ನು ಸಂಖ್ಯೆಸಹಿತ ಗುರುತಿಸುವುದು.

ತಡವಾದಷ್ಟೂ ಇದು ಕಷ್ಟವಾಗುವುದಕ್ಕೆ ಈ ಸೀಮೆಯಲ್ಲಿ ವಿಶೇಷ ಕಾರಣವೊಂದಿದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು, ಬೀಳಗಿ ಕಡೆಯ ಊರುಗಳು ಹೋದವು. ಜನ ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಗಂಟುಮೂಟೆ ಕಟ್ಟಿದರು. ಇತ್ತ ರಾಮಥಾಳ ಏತ ನೀರಾವರಿಗೆ ನೀರು ಕೊಡುವ ನಾರಾಯಣಪುರ ಜಲಾಶಯವೂ ಹೊಲಮನೆ ನುಂಗಿಯೇ ತುಂಬಿದ್ದು. ಮನೆ ಖಾಲಿ ಮಾಡುವಾಗ ತಾಮ್ರದ ಹಂಡೆ, ದೇವರ ಮೂರ್ತಿ, ಬಾಗಿಲ ಚೌಕಟ್ಟು ಗಾಡಿ ಏರುತ್ತವೆ. ಓಡಿಸಲು ಪೆಟ್ಟಿಗೆಯೇ ಇಲ್ಲದ, ಭಾರವಾದ, ತಾಗಿದರೆ ಒಡೆಯುವ ಪ್ಲೇಟಿನ ಕಟ್ಟು ಏರುವುದು ಅಪರೂಪ.

ಉಳಿದಿರುವ ಪ್ಲೇಟು ಕೈಗೆ ಬಂದರೆ ನೋಡುವ ಕ್ರಮ ಹೀಗೆ. ನಡುವಿನ ಕಾಗದದ ಮೇಲೆ ಕಂಪನಿಯ ಹೆಸರು, ಮಾರಾಟದ ಸಂಖ್ಯೆ, ಹಾಡಿನ ಮೊದಲ ಪದ, ರಾಗ ಅಥವಾ ಪ್ರಕಾರ, ಗಾಯಕರ ಹೆಸರು ಇರುತ್ತವೆ. ಕಾಗದ ಹರಿದಿದ್ದರೂ ಎದೆಗುಂದಬೇಕಿಲ್ಲ. ಗೆರೆಗಳು ಮುಗಿದ ಮೇಲೆ ಕಾಗದದವರೆಗೆ ಉಳಿಯುವ ನುಣುಪಾದ ಪಟ್ಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಇನ್ನೊಂದು ಸಂಖ್ಯೆ ಒತ್ತಿರುವುದು ಕಾಣುತ್ತದೆ. ಅದು ಮುದ್ರಣದ ಸಂಖ್ಯೆ, ಕಂಪನಿಯ ದಫ್ತರಿನಲ್ಲಿ ಹಾಡನ್ನು ಗುರುತಿಸುವ ಸಂಖ್ಯೆ. ಗಾಯಕಿಯ ಹೆಸರು ಬದಲಾದರೂ, ಹಾಡು ಇನ್ನೊಂದು ಲೇಬಲ್ಲಿನಲ್ಲಿ ಮತ್ತೆ ಬಂದರೂ ಎರಡನ್ನೂ ಹೊಂದಿಸಿ ನೋಡಲು ಇದಕ್ಕಿಂತ ಗಟ್ಟಿ ಆಧಾರವಿಲ್ಲ. ಎರಡೂ ಮಗ್ಗುಲಿನದನ್ನು ಬರೆದುಕೊಳ್ಳಬೇಕು. ಹೆಸರನ್ನು ಅಚ್ಚಾದ ಹಾಗೆಯೇ, ತಪ್ಪು ಕಾಗುಣಿತವಿದ್ದರೆ ತಪ್ಪಿನೊಡನೆಯೇ ದಾಖಲಿಸಬೇಕು. ಪಟ್ಟಿ ಮಾಡುವವರು ಗಾಂಧಾರಿಯನ್ನು ತಿದ್ದಿ ಗಂಗೂಬಾಯಿ ಎಂದು ಬರೆದುಬಿಟ್ಟರೆ ಮುಂದಿನವರಿಗೆ ಸುಳಿವೇ ಸಿಗದು. ಎರಡು ಹೆಸರಿಗೂ ಪ್ರತ್ಯೇಕ ನಮೂದು ಇಟ್ಟು, ಒಂದರಿಂದ ಒಂದಕ್ಕೆ ಕೊಂಡಿ ಹಾಕುವುದು ಸರಿಯಾದ ಕ್ರಮ.

ಹುನಗುಂದ ಕಡೆಯ ಎರೆಮಣ್ಣಿನ ದೂಳು ಸಣ್ಣ ಗೆರೆಗಳಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಗುಂಟ ಜಾಡಿಸಿ, ಕಾಗದಕ್ಕೆ ತಾಗದಂತೆ ಒದ್ದೆ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿದರೆ ಸಾಕು. ಸ್ಪಿರಿಟ್ ಮುಟ್ಟಿಸಲೇಬಾರದು. ಪ್ಲೇಟಿನ ಮೈ ಅರಗಿನದು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ, ಅದರೊಡನೆ ಹಾಡೂ ಹೋಗುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಬೇಕು. ಒಡೆದದ್ದನ್ನೂ ಎಸೆಯಬೇಡಿ, ಚೂರಿನ ಮೇಲೆ ಆ ಒತ್ತುಸಂಖ್ಯೆ ಉಳಿದಿದ್ದರೆ ಅಷ್ಟನ್ನಾದರೂ ಬರೆದುಕೊಳ್ಳಬಹುದು.