ಬಲಿಯ ದಾರಿ, ಕೃಪೆಯ ದಾರಿ: ಲಕ್ಕಲಕಟ್ಟಿ ಸೀಮೆಯಲ್ಲಿ ಕ್ರೈಸ್ತ ರಕ್ಷಣಾ ಸಿದ್ಧಾಂತ

ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಗೆ ನೈರುತ್ಯದಲ್ಲಿ ಗದಗಿನ ಬೆಟಗೇರಿ, ಉತ್ತರದಲ್ಲಿ ಗುಳೇದಗುಡ್ಡ. ಎರಡೂ ನೇಕಾರರ ಊರುಗಳು, ಎರಡೂ ಬಾಸೆಲ್ ಮಿಷನ್ನಿನ ಹಳೆಯ ಕೇಂದ್ರಗಳು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1837ರಲ್ಲಿ ಧಾರವಾಡ ಸೇರಿ, ಅಲ್ಲಿಂದ ಈ ಸೀಮೆಗೆ ಕಾಲಿಟ್ಟಿತು. ಪಾದ್ರಿಗಳು ಸಾರಿದ್ದು ರಕ್ಷಣೆಯನ್ನು. ಆದರೆ ಶರಣರ ಮಾತು ಬೇರೂರಿದ ಈ ನೆಲದಲ್ಲಿ ಅದನ್ನು ಬಲಿಯ ಪರಿಭಾಷೆಯಲ್ಲಿ ವಿವರಿಸಹೊರಟದ್ದು ಬಳಸು ದಾರಿಯಾಯಿತು ಎಂಬುದು ಈ ಲೇಖನದ ವಾದ.

ಸಿದ್ಧಾಂತದ ತಿರುಳು ಇಷ್ಟು: ಪಾಪದಿಂದ ದೇವರಿಗೆ ದೂರವಾದ ಮನುಷ್ಯ ಸ್ವಂತ ಬಲದಿಂದ ಹಿಂದಿರುಗಲಾರ, ಕ್ರಿಸ್ತನ ಮರಣ, ಪುನರುತ್ಥಾನಗಳಲ್ಲಿ ದೇವರೇ ಮುಂದಾಗಿ ಆ ಸಂಬಂಧ ಕೂಡಿಸುತ್ತಾನೆ, ಮನುಷ್ಯ ಅದನ್ನು ನಂಬಿಕೆಯಿಂದ ಪಡೆಯುತ್ತಾನೆ. ಸತ್ಕ್ರಿಯೆ ಇದಕ್ಕೆ ತೆರುವ ಬೆಲೆಯಲ್ಲ, ಇದರ ಫಲ. ಲೂಥರ್ ಕಾಲದಿಂದ ಈ ಕುರಿತು ಹೊಡೆದಾಡಿದ ಕ್ಯಾಥೊಲಿಕರೂ ಲೂಥರನ್ನರೂ ಮೂಲಭೂತ ಸಹಮತಕ್ಕೆ ಬಂದದ್ದು 1999ರ ಆಗ್ಸ್‌ಬರ್ಗ್ ಜಂಟಿ ಘೋಷಣೆಯಲ್ಲಿ.

ಇದೇ ಮಿಷನ್ನಿನ ಪಾದ್ರಿ ಕಿಟೆಲ್ 1872ರಲ್ಲಿ ಪ್ರಕಟಿಸಿದ ‘ಯಜ್ಞಸುಧಾನಿಧಿ’ ವೈದಿಕ ಯಜ್ಞದ ವಿಚಾರದಿಂದ ಕ್ರಿಸ್ತನ ಯಜ್ಞದತ್ತ ಓದುಗನನ್ನು ಕರೆದೊಯ್ಯುತ್ತದೆ. ವಿದ್ವತ್ತೇನೋ ದೊಡ್ಡದು, ಆದರೆ ಕೇಳುಗರು ಯಾರು? ಇಷ್ಟಲಿಂಗ ಧರಿಸಿ ಮಾಂಸ ಮುಟ್ಟದ ನೇಕಾರನ ಪರಂಪರೆ ಯಜ್ಞವನ್ನೂ ಪಶುವಧೆಯನ್ನೂ ಹನ್ನೆರಡನೆಯ ಶತಮಾನದಲ್ಲೇ ತಿರಸ್ಕರಿಸಿತ್ತು. ‘ಕುರಿಮರಿಯ ರಕ್ತ’ ಎಂದರೆ ಅವನಿಗೆ ಹೇಸಿಗೆ. ಇನ್ನು ಗ್ರಾಮದೇವತೆ ದ್ಯಾಮವ್ವನ ಜಾತ್ರೆಯಲ್ಲಿ ಕೋಣ ಬೀಳುವುದನ್ನು ಕಂಡವನಿಗೆ ಬಲಿಯ ಅರ್ಥ ಚೆನ್ನಾಗಿಯೇ ಗೊತ್ತು: ಮುನಿದ ದೇವತೆಗೆ ಊರು ಕೊಡುವುದು, ಬೇನೆ ಬರದಿರಲಿ ಎಂದು. ಅವನ ಕಿವಿಗೆ ಶಿಲುಬೆ ಇನ್ನೊಂದು ಶಾಂತಿಕರ್ಮವಾಗಿಯೇ ಕೇಳಿಸೀತು. ಕ್ರೈಸ್ತರು ಹೇಳುವುದು ಇದಕ್ಕೆ ತೀರಾ ಉಲ್ಟಾ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಸಮಾಧಾನಪಡಿಸಬೇಕಾದವನು ದೇವರು ಎಂದು ಪೌಲನು ಹೇಳುವುದಿಲ್ಲ. ಜಗತ್ತನ್ನು ತನ್ನೊಡನೆ ಸಮಾಧಾನಪಡಿಸಿಕೊಳ್ಳುವವನೇ ದೇವರು. ಇಲ್ಲಿ ಕೊಡುವವನು ಊರಲ್ಲ, ದೇವರು. (ದೇವರ ಮಾನಕ್ಕೆ ಸಲ್ಲಬೇಕಾದ ಬಾಕಿಯ ಲೆಕ್ಕದಲ್ಲಿ ಕ್ರಿಸ್ತನ ಮರಣವನ್ನು ವಿವರಿಸಿದ ಹನ್ನೊಂದನೆಯ ಶತಮಾನದ ದೇವತಾಶಾಸ್ತ್ರಜ್ಞ ಅನ್ಸೆಲ್ಮ್ ಕೂಡ ಈ ಗೊಂದಲಕ್ಕೆ ಸ್ವಲ್ಪ ಹೊಣೆ.)

ಕೃಪೆಯ ಮಾತಾದರೆ ಈ ನೆಲಕ್ಕೆ ಹೊಸದಲ್ಲ. ಶರಣರಲ್ಲಿ ಗುರುಕಾರುಣ್ಯವಿಲ್ಲದೆ ಸಾಧನೆಯಿಲ್ಲ, ಪ್ರಸಾದ ಬೇಡಿ ಪಡೆಯುವಂಥದು, ದುಡಿದು ಗಳಿಸುವಂಥದಲ್ಲ. ಹಾಗೆಂದು ಶರಣರ ಕೃಪೆ, ಕ್ರೈಸ್ತರ ಕೃಪೆ ಎರಡೂ ಒಂದೇ ಎನ್ನುವುದು ಸೋಮಾರಿತನ. ಶರಣರ ಲಿಂಗಾಂಗ ಸಾಮರಸ್ಯದಲ್ಲಿ ದೇವ, ಭಕ್ತರ ಭೇದ ಅಳಿಯುತ್ತದೆ. ಕ್ರೈಸ್ತ ರಕ್ಷಣೆಯಲ್ಲಿ ಸೃಷ್ಟಿಕರ್ತ, ಸೃಷ್ಟಿಗಳ ಭೇದ ಉಳಿದೇ ಅನ್ಯೋನ್ಯತೆ ಕೂಡಿಬರುತ್ತದೆ. ಮೇಲಾಗಿ ಈ ರಕ್ಷಣೆ ರೋಮನ್ ಅಧಿಪತಿ ಪಿಲಾತನ ಆಳಿಕೆಯಲ್ಲಿ ಒಮ್ಮೆ ನಡೆದ ಶಿಲುಬೆಯ ಘಟನೆಗೆ ಕಟ್ಟುಬಿದ್ದಿದೆ.

ರಕ್ಷಣೆಗೆ ಹೊಟ್ಟೆಯ ಪ್ರಶ್ನೆಯೂ ಅಂಟಿಕೊಂಡಿತ್ತು. ದೀಕ್ಷಾಸ್ನಾನ ಪಡೆದವರು ಕುಲ, ಕಸುಬು ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅಂಥವರಿಗೆಂದು 1840ರ ದಶಕದ ಆರಂಭದಲ್ಲಿ ಗದಗ ಹತ್ತಿರದ ಮಲಸಮುದ್ರದಲ್ಲಿ ಮಿಷನ್ ಕಟ್ಟಿದ ಕೃಷಿ ವಸಾಹತು ನೆಲೆ ನಿಲ್ಲಲಿಲ್ಲ.

ಕೃಪೆಯ ದಾರಿಗೆ ಮರಳಿದರೆ, ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಶರಣರನ್ನು ಆಳವಾಗಿ ಓದಿಯೂ ಕಡೆಯವರೆಗೆ ಕ್ರೈಸ್ತರಾಗಿಯೇ ಉಳಿದರು. ಈ ಸೀಮೆಯ ಕ್ರೈಸ್ತ ಚಿಂತನೆಯನ್ನು ಅಭ್ಯಸಿಸುವವರು ಬಾಸೆಲ್ಲಿನ ವರದಿಗಳಿಗೆ ಮೊದಲು ಅವರ ‘ಬನಾರಸಕ್ಕೆ ಬೆಥ್ಲೆಹೇಮಿನ ವಿನಂತಿ’ಯನ್ನು ಕೈಗೆತ್ತಿಕೊಳ್ಳಬೇಕು.