ಕಡಲ್ಗಾಲುವೆಯ ಮೇಲೆ ನಿಂತ ಎಂಜಿನು: ಲಾಥಮನ ಪ್ರಯತ್ನ, 1909

1909ರ ಜುಲೈ 25ರಂದು ಲೂಯಿ ಬ್ಲೆರಿಯೊ ಏರೋಪ್ಲೇನಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಮೊದಲಿಗನೆಂಬುದು ಸರ್ವವಿದಿತ. ಅದಕ್ಕೆ ಆರು ದಿನ ಮುಂಚೆ ಅದೇ ಕಡಲಿನ ಮೇಲೆ ಎಂಜಿನು ನಿಂತು ನೀರಿಗಿಳಿದ ಹ್ಯೂಬರ್ಟ್ ಲಾಥಮನನ್ನು ‘ವಿಫಲನಾದನು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಆದರೆ ಎಂಜಿನು ಸೋಲುವುದು ಬೇರೆ, ವಿಮಾನ ಬೀಳುವುದು ಬೇರೆ. ಈ ವಾಡಿಕೆಯ ಮಾತು ಎರಡನ್ನೂ ಬೆರೆಸುತ್ತದೆಂದು ನಮಗೆ ತೋರುತ್ತದೆ.

‘ಡೇಲಿ ಮೇಲ್’ ಪತ್ರಿಕೆಯು ಕಡಲ್ಗಾಲುವೆಯನ್ನು ದಾಟಿದವನಿಗೆ 1,000 ಪೌಂಡುಗಳ ಬಹುಮಾನವನ್ನು ಸಾರಿದ್ದಿತು. ಲಾಥಮನು ಸಿರಿವಂತರ ಮನೆಯವನು. ವಿಮಾನ ನಡೆಸಲು ಕಲಿತುದು ಅದೇ ವರ್ಷ. ಆದರೂ ಜೂನ್ ತಿಂಗಳಿನಲ್ಲಿಯೇ ಒಂದು ಗಂಟೆಗೂ ಮಿಕ್ಕು ಆಕಾಶದಲ್ಲಿದ್ದು ಹೆಸರು ಗಳಿಸಿದ್ದನು. ಅವನ ‘ಆಂತ್ವಾನೆತ್’ ವಿಮಾನವನ್ನು ರೂಪಿಸಿದವನು ಲೆವವಸ್ಸರ್. ಅದರ ಎಂಟು ಸಿಲಿಂಡರುಗಳ, ಸುಮಾರು 50 ಅಶ್ವಶಕ್ತಿಯ ಎಂಜಿನು ಮೂಲತಃ ವೇಗದ ದೋಣಿಗಳಿಗಾಗಿ ಹುಟ್ಟಿದ ವಂಶದ್ದು. ಹಗುರವಾಗಿರಲೆಂದು ಅದರಲ್ಲಿ ಸಣ್ಣ ಪಂಪೊಂದು ಪೆಟ್ರೋಲನ್ನು ಒಳಕ್ಕೆ ಚಿಮ್ಮಿಸುತ್ತಿದ್ದಿತು. ಆ ಕಿರುನಾಳಗಳಲ್ಲಿ ತುಸು ಕಸ ಸಿಕ್ಕಿಕೊಂಡರೂ ಎಂಜಿನು ಉಸಿರುಗಟ್ಟುವ ಸಂಭವವಿದ್ದಿತು. ಜಾಣ್ಮೆಯ ರಚನೆ, ನೆಚ್ಚತಕ್ಕುದಲ್ಲ.

ಜುಲೈ 19ರ ಬೆಳಗ್ಗೆ ಲಾಥಮನು ಕ್ಯಾಲೆಯ ಸಮೀಪದ ಸಂಗಾತ್ ಬಳಿಯಿಂದ ಹೊರಟನು. ತೀರದಿಂದ ಸುಮಾರು 8 ಮೈಲಿ ದಾಟುವಷ್ಟರಲ್ಲಿ ಎಂಜಿನು ನಿಂತಿತು. ಇಲ್ಲಿ ವಿಚಾರಣೀಯವಾದುದು ಮುಂದಿನ ಕೆಲವು ಕ್ಷಣಗಳು. ಎಂಜಿನು ನಿಂತೊಡನೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ. ಮೂತಿಯನ್ನು ತಕ್ಕಷ್ಟು ತಗ್ಗಿಸಿದರೆ ಗಳಿಸಿದ ಎತ್ತರವೇ ವೇಗವಾಗಿ ಮಾರ್ಪಡುತ್ತದೆ, ರೆಕ್ಕೆಗಳು ಗಾಳಿಯ ಆಸರೆಯನ್ನು ಕಳೆದುಕೊಳ್ಳುವುದಿಲ್ಲ. ಭೀತಿಯಿಂದ ಮೂತಿಯನ್ನು ಮೇಲೆತ್ತಿದವನಿಗೆ ವೇಗವೂ ಹೋಗುತ್ತದೆ, ಹಿಡಿತವೂ ಹೋಗುತ್ತದೆ. ಕೆಲವೇ ತಿಂಗಳ ಅನುಭವವಿದ್ದ ಲಾಥಮನು ಈ ತಪ್ಪನ್ನು ಮಾಡಲಿಲ್ಲ. ಅವನು ಜಾರುತ್ತ ಬಂದು ನೀರಿನ ಮೇಲೆ ಮೆಲ್ಲನೆ ಇಳಿದನು, ವಿಮಾನ ತೇಲಿತು. ಫ್ರೆಂಚ್ ನೌಕಾದಳದ ‘ಆರ್ಪೋ’ ಹಡಗಿನವರು ಸಮೀಪಿಸಿದಾಗ ಅವನು ಸಿಗರೇಟು ಸೇದುತ್ತ ಕುಳಿತಿದ್ದನು. ಪತ್ರಿಕೆಗಳು ಮೆಚ್ಚಿದ್ದು ಈ ಸಿಗರೇಟನ್ನು. ಮೆಚ್ಚಬೇಕಾದುದು ಆ ಇಳಿತವನ್ನು. ಎಂಜಿನು ಕೆಟ್ಟೂ ಕಡಲಿಗೆ ಸುರಕ್ಷಿತವಾಗಿ ಇಳಿದ ಮೊದಲ ನಿದರ್ಶನವಾಗಿ ಅದನ್ನು ಎಣಿಸುವುದುಂಟು.

ಬ್ಲೆರಿಯೊನ ಮೂರು ಸಿಲಿಂಡರುಗಳ ಆಂಜಾನಿ ಎಂಜಿನು 25 ಅಶ್ವಶಕ್ತಿಯದು ಮಾತ್ರ. ಆದರೂ ಸುಮಾರು 37 ನಿಮಿಷ ಕೈಕೊಡಲಿಲ್ಲ. ಮಳೆಹನಿಗಳು ಬಿದ್ದು ಕಾದ ಎಂಜಿನು ತಣಿಯಿತೆಂಬ ಕಥೆ ಬಹಳ ಪ್ರಚಲಿತವಾಗಿದೆ. ರಮ್ಯವಾದ ಕಥೆಯೆಂಬುದರ ಹೊರತು ಅದನ್ನು ನೆಚ್ಚಲು ನಮಗೆ ಬೇರೆ ಕಾರಣ ತೋರದು. ಡೋವರ್ ಕೋಟೆಯ ಬಳಿ ಅವನು ಇಳಿದಾಗ ಚಕ್ರಗಳ ಚೌಕಟ್ಟೂ ಪ್ರೊಪೆಲ್ಲರೂ ಮುರಿದುವು. ಇಳಿತವನ್ನಷ್ಟೇ ತೂಗಿ ನೋಡುವುದಾದರೆ, ಗೆದ್ದವನದು ಸೋತವನದಕ್ಕಿಂತ ಒರಟು.

ಜುಲೈ 27ರಂದು ಲಾಥಮನು ಹೊಸ ವಿಮಾನದಲ್ಲಿ ಮತ್ತೆ ಹೊರಟನು. ಡೋವರ್ ಇನ್ನು ಒಂದು ಮೈಲಿಯಷ್ಟಿದೆಯೆನ್ನುವಾಗ ಎಂಜಿನು ಪುನಃ ನಿಂತಿತು. ಈ ಸಲ ನೀರಿನ ಹೊಡೆತಕ್ಕೆ ಮುಖಕ್ಕೆ ಗಾಯವಾಯಿತು. ಬ್ಲೆರಿಯೊನ ವಿಮಾನವನ್ನು ಪ್ಯಾರಿಸಿನ ವಸ್ತುಸಂಗ್ರಹಾಲಯವೊಂದರಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಜುಲೈ 19ರಂದು ತೇಲಿದ ಲಾಥಮನ ವಿಮಾನವಾದರೋ, ಕಡಲಿನಿಂದ ಮೇಲೆತ್ತುವಾಗಲೇ ಜಖಂಗೊಂಡಿತು.