ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಮಂದಿರದ ಕಟ್ಟಡ ಚರಿತ್ರೆ

ಶತಮಾನೋತ್ಸವವೆಂದರೆ ದೇವಾಲಯದ ಇತಿಹಾಸವನ್ನು ಸ್ಮರಿಸುವ ಪುಣ್ಯಕಾಲ. ಆದರೆ ಕರಾವಳಿಯ ಕ್ರೈಸ್ತ ಸಮುದಾಯದ ಚರಿತ್ರೆಯಲ್ಲಿ ದೇವಾಲಯಕ್ಕೂ ಶಾಲೆಗೂ ಇರುವ ನಂಟು ಬೇರ್ಪಡಿಸಲಾಗದ್ದು. ಈ ನಂಟು ಕಲ್ಲು ಗಾರೆಗಳಲ್ಲಿ ರೂಪುಗೊಂಡ ಬಗೆಯನ್ನು ಅರಿಯಬಯಸುವವರು ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಹಳೆಯ ಕಟ್ಟಡವನ್ನು ನೋಡಬೇಕು.

1878ರ ಕೊನೆಯಲ್ಲಿ ಯೇಸು ಸಭೆಯ ಗುರುಗಳು ಇಟಲಿಯಿಂದ ಮಂಗಳೂರಿಗೆ ಬಂದರು. ಇಲ್ಲಿಯ ಜನರ ಮೊದಲ ಬೇಡಿಕೆ ಉನ್ನತ ವಿದ್ಯಾಭ್ಯಾಸದ ಏರ್ಪಾಡಾಗಿತ್ತು. 1880ರಲ್ಲಿ ಕೊಡಿಯಾಲಬೈಲಿನಲ್ಲಿ ತರಗತಿಗಳು ಆರಂಭವಾದವು. ಅಲ್ಲಿಯ ಸ್ಥಳ ಬಹುಬೇಗ ಸಾಲದಾಯಿತು. ಆಗ ಲಾರೆನ್ಸ್ ಲೋಬೊ ಪ್ರಭು ಎಂಬ ಉದಾರಿಗಳು ಗುಡ್ಡದ ಮೇಲಿನ ನೆಲವನ್ನು ದಾನವಾಗಿ ನೀಡಿದರು. 1882ರಲ್ಲಿ ಅಸ್ತಿವಾರದ ಕಲ್ಲು ಬಿದ್ದಿತು. 1885ರಲ್ಲಿ ವಿದ್ಯಾರ್ಥಿಗಳು ಹೊಸ ಕಟ್ಟಡಕ್ಕೆ ಬಂದರು. ಅದರ ಅಂಗವಾದ ಪ್ರಾರ್ಥನಾಲಯವು 1884ರಲ್ಲಿ ಫಾದರ್ ಜೋಸೆಫ್ ವಿಲ್ಲಿಯವರ ಯೋಜನೆಯಂತೆ ಮೇಲೆದ್ದಿತು.

ಆ ಕಾಲದ ಕರಾವಳಿಯ ಕಟ್ಟಡಗಳಿಗೆ ಈ ನೆಲವೇ ಸಾಮಗ್ರಿಯನ್ನು ಒದಗಿಸುತ್ತಿತ್ತು. ಮುರಕಲ್ಲು ನೆಲದಿಂದ ಕಡಿಯುವಾಗ ಮೆದು. ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅದನ್ನು ಸುಣ್ಣದ ಗಾರೆಯಲ್ಲಿ ಕಟ್ಟಿ ದಪ್ಪ ಗೋಡೆಗಳನ್ನು ಎಬ್ಬಿಸುತ್ತಿದ್ದರು. ಇಳಿಜಾರು ಮಾಡಿಗೆ ಹಂಚು ಬೇಕು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಿದ್ದರು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ ಹುಟ್ಟಿತು. ಹೀಗೆ ಪ್ರಾಟೆಸ್ಟಂಟರು ಆರಂಭಿಸಿದ ಉದ್ಯಮದಿಂದ ಕಥೋಲಿಕರ ಮಾಡುಗಳಿಗೂ ಹಂಚು ಸುಲಭವಾಗಿ ದೊರೆಯುವಂತಾಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹೊರಗಿನಿಂದ ಸರಳವೆನಿಸುವ ಪ್ರಾರ್ಥನಾಲಯದ ಒಳಾಂಗಣಕ್ಕೆ ಇಂದಿನ ವೈಭವವನ್ನು ಕೊಟ್ಟವರು ಸಹೋದರ ಅಂತೋನಿಯೊ ಮೊಸ್ಕೆನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಸಮೀಪದ ಸ್ತೆಜ್ಜಾನೊ ಎಂಬ ಊರಿನಲ್ಲಿ ಹುಟ್ಟಿದ ಇವರು, ಚಿತ್ರಕಲೆಯಲ್ಲಿ ಪಳಗಿದ ಬಳಿಕ ಯೇಸು ಸಭೆಯನ್ನು ಸೇರಿದವರು. 1899ರಲ್ಲಿ ಇಲ್ಲಿ ಕುಂಚ ಹಿಡಿದು, ಕೆಲವೇ ವರ್ಷಗಳೊಳಗೆ ಗೋಡೆ, ಕಮಾನು, ಒಳಮಾಳಿಗೆಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯ ಮೇಲೆ ಅನುಸರಿಸಿದ್ದು ಫ್ರೆಸ್ಕೊ ವಿಧಾನ. ಹಸಿ ಸುಣ್ಣದ ಗಾರೆ ಒಣಗುವ ಮುನ್ನ ಬಣ್ಣ ಹಚ್ಚಬೇಕು. ಗಾರೆ ಗಟ್ಟಿಯಾಗುವಾಗ ಬಣ್ಣವೂ ಅದರೊಡನೆ ಒಂದಾಗುತ್ತದೆ. ಒಂದು ದಿನದಲ್ಲಿ ಮುಗಿಸಬಲ್ಲಷ್ಟೇ ಭಾಗಕ್ಕೆ ಗಾರೆ ಬಳಿಯಬೇಕಾದ್ದರಿಂದ ಕೈ ತಡವರಿಸುವಂತಿಲ್ಲ. ಮಾಳಿಗೆಯ ಚಿತ್ರಗಳಿಗೆ ಕ್ಯಾನ್ವಾಸಿನ ಮೇಲೆ ತೈಲವರ್ಣವನ್ನು ಬಳಸಿದರು.

ಚಿತ್ರಗಳ ವಸುಗಳ ಆಯ್ಕೆಯೂ ಅರ್ಥಪೂರ್ಣ. ಕ್ರಿಸ್ತರ ಜೀವನ, ಪ್ರೇಷಿತರು ಹಾಗೂ ಸಂತರೊಡನೆ ಸಂತ ಅಲೋಶಿಯಸ್ ಗೊನ್ಜಾಗರ ಬಾಳಿನ ಘಟನೆಗಳು ಇಲ್ಲಿವೆ. ರೋಮಿನಲ್ಲಿ ಸಾಂಕ್ರಾಮಿಕ ರೋಗಕ್ಕೆ ತುತ್ತಾದವರ ಶುಶ್ರೂಷೆಯಲ್ಲಿ ತಾವೂ ಸೋಂಕಿತರಾಗಿ 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿಗೇ ಅವರು ಕಣ್ಣುಮುಚ್ಚಿದರು. 1729ರಲ್ಲಿ ಅವರನ್ನು ಯುವ ವಿದ್ಯಾರ್ಥಿಗಳ ಪಾಲಕ ಸಂತರೆಂದು ಘೋಷಿಸಲಾಯಿತು. ವಿದ್ಯೆಯ ಗುರಿ ಸೇವೆಯೆಂಬ ಪಾಠವನ್ನು ಪುಸ್ತಕ ತೆರೆಯದೆಯೇ ವಿದ್ಯಾರ್ಥಿಯು ಈ ಗೋಡೆಗಳಿಂದ ಕಲಿಯಬಹುದು. ಮೊಸ್ಕೆನಿಯವರು ಕೊಚ್ಚಿಯ ಸಾಂತಾಕ್ರೂಜ್ ಪ್ರಧಾನಾಲಯವನ್ನು ಅಲಂಕರಿಸುತ್ತಿದ್ದಾಗ, ಅದರ ಪ್ರತಿಷ್ಠಾಪನೆಗೆ ಕೆಲವೇ ದಿನಗಳ ಮುನ್ನ, 1905ರ ನವೆಂಬರಿನಲ್ಲಿ ದೈವಾಧೀನರಾದರು.

ಆದರೆ ಕರಾವಳಿಯ ತೇವಾಂಶ ಕಲೆಗೂ ವಿನಾಯಿತಿ ಕೊಡುವುದಿಲ್ಲ. ನೀರು ಇಳಿದಲ್ಲಿ ಸುಣ್ಣದ ಗಾರೆ ಉಬ್ಬುತ್ತದೆ. ಬಣ್ಣ ಚಕ್ಕೆಯಾಗಿ ಉದುರುತ್ತದೆ. ಮಾಸಿದ್ದ ಚಿತ್ರಗಳನ್ನು 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಖನೌ ಶಾಖೆಯ ತಜ್ಞರು ಜೀರ್ಣೋದ್ಧಾರಗೊಳಿಸಿದರು. ಅಂದು ಆ ಕೆಲಸ ನಡೆಯದಿದ್ದರೆ ನಾವು ಕಳೆದುಕೊಳ್ಳುತ್ತಿದ್ದುದನ್ನು ಮರಳಿ ಪಡೆಯುವ ದಾರಿಯೇ ಇರಲಿಲ್ಲ.

ಹಳೆಯ ಶಾಲೆಯನ್ನು ಕೆಡವಿ ಕಾಂಕ್ರೀಟಿನ ಮಹಡಿ ಎಬ್ಬಿಸೋಣವೆಂಬ ಮಾತು ಇಂದು ಅನೇಕ ಧರ್ಮಕೇಂದ್ರಗಳಲ್ಲಿ ಕೇಳಿಬರುತ್ತದೆ. ಮಕ್ಕಳಿಗೆ ಸ್ಥಳ ಬೇಕೆಂಬುದು ನ್ಯಾಯವೇ. ಮಕ್ಕಳ ಸುರಕ್ಷತೆಯ ಪ್ರಶ್ನೆ ಬಂದಾಗ ಹಳೆಯ ಗೋಡೆಯ ಮೇಲಿನ ಮಮತೆ ಹಿಂದೆ ಸರಿಯಲೇಬೇಕು. ಆದರೆ ಬಹುತೇಕ ಮುರಕಲ್ಲಿನ ಕಟ್ಟಡಗಳಿಗೆ ಆಪತ್ತು ತರುವುದು ವಯಸ್ಸಲ್ಲ, ನಮ್ಮ ಅಲಕ್ಷ್ಯ. ಒಡೆದ ಹಂಚನ್ನು ಮಳೆಗಾಲಕ್ಕೆ ಮುನ್ನ ಬದಲಿಸಿ, ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ ತೋಡಿ, ಸುಣ್ಣದ ಗೋಡೆಗೆ ಸುಣ್ಣವನ್ನೇ ಬಳಿದರೆ ಅವು ಇನ್ನೂ ಹಲವು ತಲೆಮಾರುಗಳಿಗೆ ನೆರಳಾಗಬಲ್ಲವು. ಕೆಡವುವ ತೀರ್ಮಾನಕ್ಕೆ ಮುನ್ನ ಬಲ್ಲವರೊಬ್ಬರಿಂದ ಪರೀಕ್ಷೆ ಮಾಡಿಸುವುದು ನಮ್ಮ ಕರ್ತವ್ಯ.

ನಮ್ಮ ಹಿರಿಯರು ತಮ್ಮ ಬಡತನದಲ್ಲೂ ಮಕ್ಕಳ ವಿದ್ಯೆಗಾಗಿ ಕೊಟ್ಟ ಕಾಣಿಕೆ ಆ ಗೋಡೆಗಳಲ್ಲಿದೆ. ಅದನ್ನು ಕಾಯುವ ವಿವೇಕವನ್ನು ದೇವರು ನಮಗೆ ಅನುಗ್ರಹಿಸಲಿ.